ಸಾಕಲು ಯಾವ ಇರುವೆ? ಕಲಬುರಗಿ, ಬೀದರ್, ಯಾದಗಿರಿ ಸೀಮೆಯವರಿಗೆ ಜಾತಿ ಆಯ್ಕೆಯ ವಿವರ

ಇರುವೆ ಸಾಕುವ ಹವ್ಯಾಸದಲ್ಲಿ ಗಾಜಿನ ಗೂಡು, ಊಟ, ಅಲಂಕಾರ ಎಲ್ಲವೂ ಆಮೇಲಿನ ಮಾತು. ಯಾವ ಜಾತಿಯ ರಾಣಿಯನ್ನು ಮನೆಗೆ ತಂದಿರಿ ಎನ್ನುವುದರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ. ಹೊಳೆಯುವ ಮೈ, ಉದ್ದ ದವಡೆ ನೋಡಿ ಆರಿಸಿದವರ ಗೂಡು ಎರಡೇ ತಿಂಗಳಲ್ಲಿ ಬರಿದಾಗುವುದು ಸಾಮಾನ್ಯ. ಇರುವೆಯ ರೂಪ ನೋಡುವ ಮೊದಲು ಅದರ ಬಾಳುವೆ ನೋಡಬೇಕು.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ರಾಣಿ ತನ್ನ ಮೊದಲ ಮರಿಗಳನ್ನು ಹೇಗೆ ಬೆಳೆಸುತ್ತಾಳೆ? ಕೆಲಸಗಾರ ಇರುವೆ ಎಷ್ಟು ದೊಡ್ಡದು? ಒಂದು ಗೂಡಿಗೆ ಒಬ್ಬಳೇ ರಾಣಿಯೋ, ಹಲವರೋ? ತಪ್ಪಿಸಿಕೊಂಡು ಹೋದರೆ ಮನೆಗೆ, ನೆರೆಮನೆಗೆ, ಹೊಲಕ್ಕೆ ಏನು ಮಾಡೀತು? ಈ ನಾಲ್ಕರಲ್ಲಿ ಮೊದಲನೆಯದು ಎಲ್ಲಕ್ಕಿಂತ ದೊಡ್ಡದು, ಅದನ್ನೇ ಮೊದಲು ಬಿಡಿಸಿ ನೋಡೋಣ.

ರಾಣಿ ಬಾಗಿಲು ಮುಚ್ಚಿಕೊಳ್ಳುತ್ತಾಳೋ ಇಲ್ಲವೋ

ಮಳೆಗಾಲದ ಆರಂಭದಲ್ಲಿ ರೆಕ್ಕೆಯ ರಾಣಿಗಳು, ಗಂಡುಗಳು ಗೂಡಿನಿಂದ ಹೊರಗೆ ಹಾರಿ ಕೂಡುತ್ತವೆ. ಗಂಡುಗಳು ಸ್ವಲ್ಪ ದಿನದಲ್ಲೇ ಸಾಯುತ್ತವೆ. ರಾಣಿ ನೆಲಕ್ಕಿಳಿದು ತನ್ನ ರೆಕ್ಕೆಗಳನ್ನು ತಾನೇ ಮುರಿದು ಉದುರಿಸಿ, ಮಣ್ಣಿನಲ್ಲೊಂದು ಸಣ್ಣ ಕೋಣೆ ಮಾಡಿಕೊಳ್ಳುತ್ತಾಳೆ. ಅಂದು ಅವಳ ಮೈಯಲ್ಲಿ ಸೇರಿದ ವೀರ್ಯವೇ ಅವಳಿಗೆ ಜೀವಮಾನಕ್ಕೆಲ್ಲ ಸಾಕು. ಮತ್ತೆಂದೂ ಅವಳು ಗಂಡನ್ನು ಕೂಡುವುದಿಲ್ಲ.

ಇಲ್ಲಿಂದ ಮುಂದೆ ಜಾತಿ ಜಾತಿಗೆ ದಾರಿ ಬೇರೆ. ಕೆಲವು ಜಾತಿಯ ರಾಣಿಯರು ಕೋಣೆಯ ಬಾಯಿ ಮುಚ್ಚಿಕೊಂಡು, ಮೊದಲ ಕೆಲಸಗಾರರು ಹೊರಬರುವವರೆಗೆ ಏನನ್ನೂ ತಿನ್ನದೆ ಕೂರುತ್ತಾರೆ. ಇನ್ನು ಉಪಯೋಗವಿಲ್ಲದ ರೆಕ್ಕೆಯ ಸ್ನಾಯುಗಳು ಕರಗುತ್ತವೆ, ಹೊಟ್ಟೆಯ ಕೊಬ್ಬು ಕರಗುತ್ತದೆ, ಅದೇ ಮರಿಗಳ ಊಟವಾಗುತ್ತದೆ. ಹೊಸಬರಿಗೆ ಇಂಥ ರಾಣಿಯೇ ಸರಿ. ಏಕೆಂದರೆ ಅತಿ ಕಷ್ಟದ ಹಂತವನ್ನು ಅವಳು ನಿಮ್ಮ ಸಹಾಯವಿಲ್ಲದೆ ದಾಟುತ್ತಾಳೆ. ನೀವು ಮಾಡಬೇಕಾದದ್ದು ನೀರು ಕೊಟ್ಟು, ಕತ್ತಲಲ್ಲಿಟ್ಟು, ಕೈ ಹಾಕದೆ ಇರುವುದು.

ಇನ್ನು ಕೆಲವು ಜಾತಿಗಳಲ್ಲಿ ರಾಣಿ ಹೊರಗೆ ಬಂದು ಬೇಟೆಯಾಡಿ ಮರಿಗಳಿಗೆ ಉಣಿಸುತ್ತಾಳೆ. ಇಂಥವಳಿಗೆ ದಿನ ಬಿಟ್ಟು ದಿನ ಸಣ್ಣ ಹುಳ ಕೊಡಬೇಕು, ಉಳಿಕೆ ತೆಗೆಯಬೇಕು, ಪ್ರತಿ ಸಲವೂ ಅವಳು ಬೆಚ್ಚುತ್ತಾಳೆ. ಬೆಚ್ಚಿದ ರಾಣಿ ಮೊದಲು ಮಾಡುವ ಕೆಲಸ ತನ್ನ ಮೊಟ್ಟೆಗಳನ್ನೇ ತಿನ್ನುವುದು. ಪಶ್ಚಿಮ ಘಟ್ಟದ ಕಡೆ ಸಿಗುವ ಜಿಗಿಯುವ ಇರುವೆ, ಅಂದರೆ ಹಾರ್ಪೆಗ್ನಾಥಸ್ ಸಾಲ್ಟೇಟರ್, ಈ ಗುಂಪಿನದು. ಉದ್ದ ದವಡೆ, ದೊಡ್ಡ ಕಣ್ಣು, ಚಿಮ್ಮಿ ಹಿಡಿಯುವ ಬೇಟೆ, ನೋಡಲು ಅದ್ಭುತ ಜೀವಿ. ಆದರೆ ಅದಕ್ಕೆ ಬೇಕಾದ ತೇವ, ತಂಪು, ಜೀವಂತ ಬೇಟೆ ನಮ್ಮ ಬಿಸಿಲ ಸೀಮೆಯಲ್ಲಿ ಒದಗಿಸುವುದು ಕಷ್ಟ, ಕುಟುಕೂ ಜೋರು.

ಮೂರನೆಯ ಬಗೆಯೂ ಇದೆ. ಹಲವು ರಾಣಿಯರಿರುವ ಗೂಡಿನಿಂದ ಒಂದಿಬ್ಬರು ರಾಣಿಯರು ಒಂದಷ್ಟು ಕೆಲಸಗಾರರನ್ನು ಕರೆದುಕೊಂಡು ನಡೆದೇ ಹೋಗಿ ಪಕ್ಕದಲ್ಲಿ ಬೇರೆ ಮನೆ ಹೂಡುತ್ತಾರೆ. ಅಡುಗೆಮನೆಯ ಸಣ್ಣ ಹಳದಿ ಇರುವೆ, ಫರೋಹ ಇರುವೆ, ಬೆಳೆಯುವುದು ಹೀಗೆ. ಇಂಥ ಜಾತಿ ತಪ್ಪಿಸಿಕೊಂಡರೆ ಹಿಂದಕ್ಕೆ ತರಲಾಗುವುದಿಲ್ಲ. ಒಂದು ರಾಣಿ, ಹತ್ತಿಪ್ಪತ್ತು ಕೆಲಸಗಾರರು ಗೋಡೆಯ ಬಿರುಕು ಸೇರಿದರೆ ಅಲ್ಲೇ ಹೊಸ ಸಂಸಾರ ಶುರು.

ಮೊದಲ ಆಯ್ಕೆ: ಗೊದ್ದ

ಈ ಮೂರು ಜಿಲ್ಲೆಗಳಲ್ಲಿ ಮೊದಲ ಸಲ ಸಾಕುವವರಿಗೆ ನಮ್ಮ ನೇರ ಸಲಹೆ ಗೊದ್ದ, ಅಂದರೆ ದೊಡ್ಡ ಕರಿ ಇರುವೆ, ಕ್ಯಾಂಪೊನೋಟಸ್ ಕಂಪ್ರೆಸಸ್. ಬೇವಿನ ಗಿಡದ ಬುಡ, ಹೊಲದ ಬದು, ಶಾಲೆಯ ಅಂಗಳ ಎಲ್ಲಿ ನೋಡಿದರೂ ಇದೆ. ತೊಗರಿ ಕಾಂಡಕ್ಕೆ ಅಂಟಿ ಕೂತ, ಬೆನ್ನ ಮೇಲೆ ಕೊಂಬಿನಂಥ ಮುಳ್ಳಿರುವ ಕಂದು ಕೀಟಗಳ ಸುತ್ತ ಕಾವಲು ನಿಂತಿರುವುದೂ ಇದೇ. ಆ ಕೀಟಗಳು ಬಿಡುವ ಸಿಹಿರಸ ಇದರ ನಿತ್ಯದ ಊಟ.

ರಾಣಿ ಬಾಗಿಲು ಮುಚ್ಚಿಕೊಳ್ಳುವ ಬಗೆಯವಳು, ಸುಮಾರು 16ರಿಂದ 18 ಮಿ.ಮೀ. ಉದ್ದ. ಕೆಲಸಗಾರರು ಒಂದೇ ಅಳತೆಯವರಲ್ಲ, ಸಣ್ಣವು ಸುಮಾರು 7 ಮಿ.ಮೀ., ದೊಡ್ಡ ತಲೆಯವು ಅದರ ಎರಡರಷ್ಟು. ಇಷ್ಟು ದೊಡ್ಡ ಇರುವೆ ಆದದ್ದರಿಂದ ಬರಿಗಣ್ಣಿಗೇ ಮೊಟ್ಟೆ, ಮರಿಹುಳು, ಕೋಶ ಬೇರೆ ಬೇರೆ ಕಾಣುತ್ತವೆ, ಬಾಯಿಂದ ಬಾಯಿಗೆ ಊಟ ದಾಟಿಸುವುದು ಕಾಣುತ್ತದೆ. ಗೂಡಿನ ಮುಚ್ಚಳದಲ್ಲಿ ಕೂದಲೆಳೆಯ ಸಂದು ಉಳಿದರೂ ಇದು ನುಸುಳಲಾರದು. ಇದಕ್ಕೆ ಕುಟುಕುವ ಮುಳ್ಳಿಲ್ಲ. ದೊಡ್ಡ ತಲೆಯದು ಕಚ್ಚಿದರೆ ಚುರುಕ್ಕೆನ್ನುತ್ತದೆ, ಕಚ್ಚಿದಲ್ಲಿ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ, ಅಷ್ಟೇ.

ಇನ್ನೊಂದು ಅನುಕೂಲ ಹೊರಗಿನಿಂದ ಕಾಣುವುದಿಲ್ಲ. ಈ ಕುಲದ ಇರುವೆಗಳ ಕರುಳಿನ ಗೋಡೆಯ ಜೀವಕೋಶಗಳಲ್ಲಿ ಬ್ಲಾಕ್‌ಮಾನಿಯಾ ಎಂಬ ಬ್ಯಾಕ್ಟೀರಿಯಾ ಬದುಕುತ್ತದೆ. ತಾಯಿಯಿಂದ ಮೊಟ್ಟೆಗೆ ದಾಟಿ ಬರುವ ಇದು ಊಟದಲ್ಲಿ ಕಡಿಮೆ ಬಿದ್ದ ಅಮೈನೋ ಆಮ್ಲಗಳನ್ನು ತಯಾರಿಸಿ ಕೊಡುತ್ತದೆ. ಹಾಗಾಗಿ ಪರೀಕ್ಷೆಯ ವಾರದಲ್ಲಿ ಹುಳ ಕೊಡುವುದು ನಾಲ್ಕು ದಿನ ತಡವಾದರೂ ಸಕ್ಕರೆ ನೀರಿನಲ್ಲಿ ಕುಟುಂಬ ತಡೆದುಕೊಳ್ಳುತ್ತದೆ.

ಕೊರತೆ ಒಂದೇ, ನಿಧಾನ. ಮೊಟ್ಟೆಯಿಂದ ಮೊದಲ ಕೆಲಸಗಾರ ಬರಲು 28 ಡಿಗ್ರಿ ಆಸುಪಾಸಿನಲ್ಲಿ ಒಂದೂವರೆ ತಿಂಗಳು ಹಿಡಿಯುತ್ತದೆ, ತಂಪಿದ್ದರೆ ಎರಡು. ಮೊದಲ ವರ್ಷದ ಕೊನೆಗೂ ಹತ್ತಾರರ ಲೆಕ್ಕವೇ. ಆದರೆ ಕಲಿಯುವವರಿಗೆ ಈ ನಿಧಾನವೇ ಒಳ್ಳೆಯದು. ತಪ್ಪು ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ಇದರ ತಂಗಿಯಂಥ ಇನ್ನೊಂದು ಜಾತಿ ಕ್ಯಾಂಪೊನೋಟಸ್ ಸೆರಿಸಿಯಸ್. ಹೊಟ್ಟೆಯ ಮೇಲೆ ಬಂಗಾರ ಬಣ್ಣದ ರೇಷ್ಮೆ ಕೂದಲು, ಬಿಸಿಲಲ್ಲಿ ಥಳಥಳಿಸುತ್ತದೆ. ಹಗಲಲ್ಲೇ ಓಡಾಡುವುದರಿಂದ ನೋಡುವ ಆಸೆಗೆ ಇದು ಗೊದ್ದಕ್ಕಿಂತ ಮೇಲು. ಒಂದು ಇರುವೆ ಮುಂದೆ, ಇನ್ನೊಂದು ಅದರ ಹಿಂಬದಿಯನ್ನು ಮೀಸೆಯಿಂದ ತಟ್ಟುತ್ತಾ ಹಿಂದೆ, ಹೀಗೆ ಜೋಡಿಯಾಗಿ ನಡೆದು ಊಟದ ದಾರಿ ತೋರಿಸುವ ಇದರ ಪದ್ಧತಿಯನ್ನು ವಿಜ್ಞಾನಿಗಳು 1974ರಲ್ಲೇ ವಿವರಿಸಿದ್ದಾರೆ. ಗೊದ್ದವನ್ನು ಒಂದು ವರ್ಷ ಸಾಕಿದ ಮೇಲೆ ಇದಕ್ಕೆ ಕೈ ಹಾಕಬಹುದು.

ಬೀಜ ತಿನ್ನುವವು, ಬೇಗ ಬೆಳೆಯುವವು

ಜೋಳದ ಹೊಲದ ಬದುವಿನಲ್ಲಿ, ಕಣದ ಅಂಚಿನಲ್ಲಿ ಸಣ್ಣ ತೂತಿನ ಸುತ್ತ ಹೊಟ್ಟು, ಸಿಪ್ಪೆ ಉಂಗುರದಂತೆ ಬಿದ್ದಿರುವುದನ್ನು ರೈತರೆಲ್ಲ ಕಂಡಿರುತ್ತಾರೆ. ಅದು ಬೀಜ ಕೂಡಿಡುವ ಇರುವೆಯ ಮನೆ. ದಖ್ಖನ್ನಿನ ಒಣ ಭೂಮಿಯಲ್ಲಿ ಈ ಕೆಲಸ ಹೆಚ್ಚಾಗಿ ಟ್ರೈಕೋಮಿರ್ಮೆಕ್ಸ್ ಸ್ಕೇಬ್ರಿಸೆಪ್ಸ್ ಮತ್ತು ಅದರ ಹತ್ತಿರದ ಜಾತಿಗಳದು. ಯುರೋಪಿನ ಹವ್ಯಾಸಿಗಳು ಮೆಸ್ಸರ್ ಬಾರ್ಬರಸ್ ಎಂಬ ಬೀಜದ ಇರುವೆಗೆ ಮರುಳಾಗಲು ಏನು ಕಾರಣವೋ ಅದೆಲ್ಲ ನಮ್ಮ ಬದುವಿನಲ್ಲೇ ಇದೆ: ಕಾಳು ಹೊತ್ತು ತರುವ ಸಾಲು, ಒಳಗೆ ಉಗ್ರಾಣ, ಹೊರಗೆ ಕಸದ ಗುಡ್ಡೆ.

ಇವಕ್ಕೆ ನವಣೆ, ಸಜ್ಜೆ, ಎಳ್ಳು ಚೆನ್ನಾಗಿ ಒಗ್ಗುತ್ತವೆ. ಕಾಳು ಕಿರಾಣಿ ಅಂಗಡಿಯಿಂದ, ಊಟಕ್ಕೆ ಮಾರುವ ಡಬ್ಬಿಯಿಂದಲೇ ತರಬೇಕು. ಬಿತ್ತನೆ ಬೀಜ ಬೇಡವೇ ಬೇಡ. ಅದಕ್ಕೆ ಥೈರಮ್, ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕ, ಎಷ್ಟೋ ಸಲ ಕೀಟನಾಶಕವನ್ನೂ ಬಳಿದಿರುತ್ತಾರೆ. ಗುಲಾಬಿ, ನೀಲಿ, ಹಸಿರು ಬಣ್ಣ ಕಂಡರೆ ಅದೇ ಗುರುತು. ಇನ್ನೊಂದು ಸೂಕ್ಷ್ಮ: ಗೂಡಿನಲ್ಲಿ ಒಣ ಭಾಗವೂ ಇರಬೇಕು, ತೇವದ ಭಾಗವೂ ಇರಬೇಕು. ಇಡೀ ಗೂಡು ತೇವವಾಗಿದ್ದರೆ ಕೂಡಿಟ್ಟ ಕಾಳು ಮೊಳೆತು, ಬೂಷ್ಟು ಹಿಡಿದು ಉಗ್ರಾಣವೇ ಕೊಳೆಯುತ್ತದೆ. ಬರೀ ಕಾಳಿನಿಂದಲೂ ಸಾಲದು, ವಾರಕ್ಕೊಮ್ಮೆ ಹುಳ ಬೇಕು.

ಫೈಡೋಲೆ ಕುಲದ ಇರುವೆಗಳನ್ನು ಅವಸರದವರು ಇಷ್ಟಪಡುತ್ತಾರೆ. ಮೈಗಿಂತ ತಲೆಯೇ ದೊಡ್ಡದಾದ ಸೈನಿಕರು, ಅವುಗಳ ಪಕ್ಕ 2-3 ಮಿ.ಮೀ. ಉದ್ದದ ಪುಟ್ಟ ಕೆಲಸಗಾರರು. ಮೂರು-ನಾಲ್ಕು ವಾರದಲ್ಲೇ ಮೊದಲ ಕೆಲಸಗಾರರು, ಕೆಲವೇ ತಿಂಗಳಲ್ಲಿ ನೂರರ ಮೇಲೆ. ಮೊದಲ ಸರದಿಯಲ್ಲಿ ದೊಡ್ಡ ತಲೆಯವು ಕಾಣದಿದ್ದರೆ ಬೇರೆ ಜಾತಿ ತಂದೆವೇನೋ ಎಂದು ಗಾಬರಿಯಾಗಬೇಡಿ, ಅವು ಆಮೇಲೆ ಬರುತ್ತವೆ. ಇವುಗಳ ಕಾಟ ಗಾತ್ರದ್ದು. 1 ಮಿ.ಮೀ. ತೂತು ಇವಕ್ಕೆ ಹೆಬ್ಬಾಗಿಲು. ಗಾಳಿಗಿಂಡಿಗೆ ಸೊಳ್ಳೆಪರದೆ ಸಾಲುವುದಿಲ್ಲ, 0.3 ಮಿ.ಮೀ. ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆಯೇ ಬೇಕು. ಪ್ಲಾಸ್ಟರ್ ಗೂಡನ್ನು ಕೊರೆಯುತ್ತವೆ. ಒಂದು ಗೂಡನ್ನಾದರೂ ಸರಿಯಾಗಿ ನಿಭಾಯಿಸಿದವರಿಗೆ ಮಾತ್ರ ಇದು.

ಬೇಡವೆನ್ನಬೇಕಾದವು

ಉರಿಯುವ ಕೆಂಪಿರುವೆ, ಸೊಲೆನಾಪ್ಸಿಸ್ ಜೆಮಿನೇಟಾ, ಅಮೆರಿಕ ಖಂಡದಿಂದ ಬಂದು ನಮ್ಮ ಹೊಲ, ಹುಲ್ಲುಗಾವಲಿನಲ್ಲಿ ಬೇರೂರಿದ ಜಾತಿ. ಕುಟುಕಿದಲ್ಲಿ ಉರಿ, ಬೊಬ್ಬೆ. ಅಲರ್ಜಿ ಇರುವವರಿಗೆ ಉಸಿರುಕಟ್ಟುವ ಮಟ್ಟಕ್ಕೂ ಹೋಗಬಹುದು. ಗಿಡಗಳ ಒಣ ಕೊಂಬೆಯಲ್ಲಿ ಇರುವ, ಎದೆ ಕೆಂಪು, ತಲೆ-ಹೊಟ್ಟೆ ಕಪ್ಪು ಬಣ್ಣದ ತೆಳ್ಳನೆಯ ಟೆಟ್ರಾಪೊನೆರಾ ರೂಫೊನೈಗ್ರಾ ಇನ್ನೂ ಅಪಾಯ. ಇದರ ಕುಟುಕಿನಿಂದ ತೀವ್ರ ಅಲರ್ಜಿಯಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮಕ್ಕಳಿರುವ ಮನೆಯಲ್ಲಿ ಇವೆರಡರ ಹೆಸರೂ ಎತ್ತಬಾರದು.

ಹಳದಿ ಹುಚ್ಚಿರುವೆ, ಅನೊಪ್ಲೊಲೆಪಿಸ್ ಗ್ರಾಸಿಲಿಪೆಸ್, ಕುಟುಕುವುದಿಲ್ಲ, ನೋಡಲೂ ಚೆಂದ. ಆದರೆ ಇದೇ ಜಾತಿ ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದಲ್ಲಿ ಕೋಟಿಗಟ್ಟಲೆ ಕೆಂಪು ಏಡಿಗಳನ್ನು ಕೊಂದು ಅಲ್ಲಿನ ಕಾಡಿನ ಸ್ವರೂಪವನ್ನೇ ಬದಲಿಸಿದೆ. ಹಲವು ರಾಣಿಯರ ಈ ಇರುವೆಯನ್ನು ಬೇಕೆಂದೇ ಬೆಳೆಸುವುದು ಸರಿಯಲ್ಲ.

ಮಲೆನಾಡಿನವರು ಚಗಳಿ ಎನ್ನುವ ಇರುವೆ, ಈಕೋಫಿಲಾ ಸ್ಮರಾಗ್ಡಿನಾ, ಎಲೆಗಳನ್ನು ಮರಿಹುಳುವಿನ ರೇಷ್ಮೆಯಿಂದ ಹೊಲಿದು ಗೂಡು ಕಟ್ಟುತ್ತದೆ. ಅದಕ್ಕೆ ಜೀವಂತ ಗಿಡ ಬೇಕು. ದೊಡ್ಡದಾದ ಕುಟುಂಬ ಹಲವು ಮರಗಳಿಗೆ ಹರಡಿಕೊಳ್ಳುತ್ತದೆ. ಡಬ್ಬಿಯಲ್ಲಿ ಸಾಕುವ ಜೀವಿ ಅದಲ್ಲ.

ಡಯಾಕಮ್ಮಾ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕೈತೋಟಗಳಲ್ಲಿ ಒಂಟಿಯಾಗಿ ತಿರುಗುವ, ಮೈಮೇಲೆ ಗೀರುಗೀರಾದ ಕೆತ್ತನೆ ಇರುವ ಈ ಕಪ್ಪು ಇರುವೆಯನ್ನು ಕಂಡು ರಾಣಿಯೇ ಸಿಕ್ಕಳೆಂದು ಹಿಡಿದು ತರುವವರು ಬಹಳ. ಈ ಕುಲದಲ್ಲಿ ರಾಣಿ ಎಂಬ ಬೇರೆ ಆಕಾರವೇ ಇಲ್ಲ. ಕೆಲಸಗಾರರಲ್ಲೇ ಒಂದು ಇರುವೆ ಗಂಡನ್ನು ಕೂಡಿ ಮೊಟ್ಟೆ ಇಡುತ್ತದೆ, ಉಳಿದವು ದುಡಿಯುತ್ತವೆ. ಹೊರಗೆ ತಿರುಗುತ್ತಿದ್ದದ್ದು ಬಹುಪಾಲು ದುಡಿಯುವ ಇರುವೆಯೇ. ಅದನ್ನು ರಾಣಿಯನ್ನಿಡುವ ಗಾಜಿನ ಟ್ಯೂಬಿನಲ್ಲಿಟ್ಟರೆ ತಿಂಗಳುಗಟ್ಟಲೆ ಕಾದರೂ ಕುಟುಂಬ ಆಗುವುದಿಲ್ಲ.

ವಿದೇಶಿ ಇರುವೆಗಳ ವಿಚಾರ. ಲೇಸಿಯಸ್ ನೈಜರ್ ಯುರೋಪಿನಲ್ಲಿ ಹೊಸಬರ ಜಾತಿ, ಗಟ್ಟಿಮುಟ್ಟು. ಪ್ರಯೋಗಾಲಯದಲ್ಲಿ ಅದರ ರಾಣಿಯೊಬ್ಬಳು 28 ವರ್ಷಕ್ಕೂ ಹೆಚ್ಚು ಬದುಕಿದ ದಾಖಲೆಯಿದೆ. ಆದರೆ ಅದಕ್ಕೆ ಪ್ರತಿವರ್ಷ ತಿಂಗಳುಗಟ್ಟಲೆ ಚಳಿಯ ನಿದ್ದೆ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಅದನ್ನು ತಂದಿಡುವುದು ಜೀವಿಗೆ ಮಾಡುವ ಅನ್ಯಾಯ. ಕಾನೂನಿನ ತೊಡಕೂ ಇದೆ. ಜೀವಂತ ಕೀಟಗಳ ಆಮದು 2003ರ ಸಸ್ಯ ಕ್ವಾರಂಟೈನ್ ಆದೇಶದ ವ್ಯಾಪ್ತಿಗೆ ಬರುತ್ತದೆ, ಪರವಾನಗಿ ಇಲ್ಲದೆ ತರುವಂತಿಲ್ಲ. ಈ ವ್ಯಾಪಾರ ಎಷ್ಟು ದೂರ ಹೋಗಿದೆ ಎಂದರೆ, 2025ರಲ್ಲಿ ಕೆನ್ಯಾದಲ್ಲಿ ಸುಮಾರು 5,000 ಇರುವೆಗಳೊಂದಿಗೆ ಬೆಲ್ಜಿಯಂನ ಇಬ್ಬರು ತರುಣರು ಸಿಕ್ಕಿಬಿದ್ದರು. ಹೆಚ್ಚಿನವು ಮೆಸ್ಸರ್ ಸೆಫಲೋಟಿಸ್ ಎಂಬ ಬೀಜದ ಇರುವೆಯ ರಾಣಿಯರು. ನ್ಯಾಯಾಲಯ ಅವರಿಗೆ ದಂಡ ವಿಧಿಸಿತು.

ರಾಣಿಯನ್ನು ಗುರುತಿಸುವುದು

ಕೊಳ್ಳುವ ಅಗತ್ಯ ಇಲ್ಲ. ರೋಹಿಣಿ ಮಳೆ ಬಿದ್ದು ಮಿರಗ ಕೂಡುವ ಹೊತ್ತಿಗೆ, ಅಂದರೆ ಮೇ ಕೊನೆಯಿಂದ ಜೂನ್ ಉದ್ದಕ್ಕೂ, ಮಳೆ ನಿಂತು ಗಾಳಿಯಲ್ಲಿ ತೇವ ಉಳಿದ ಸಂಜೆ, ಬೀದಿದೀಪದ ಕೆಳಗೆ, ಬಸ್ ನಿಲ್ದಾಣದ ಗೋಡೆಯ ಬುಡದಲ್ಲಿ ನೋಡಿ. ಮರುದಿನ ಬೆಳಗ್ಗೆಯೂ ಕೆಲವರು ಜಾಗ ಹುಡುಕುತ್ತಾ ನೆಲದ ಮೇಲೆ ತಿರುಗುತ್ತಿರುತ್ತಾರೆ.

ಅದೇ ಸಂಜೆ ಗೆದ್ದಲಿನ ರೆಕ್ಕೆಹುಳ, ಅಂದರೆ ಈಚಲೂ ರಾಶಿರಾಶಿ ಏಳುತ್ತದೆ. ಹೊಸಬರು ಎಡವುವುದು ಇಲ್ಲೇ. ಈಚಲಿಗೆ ನಾಲ್ಕೂ ರೆಕ್ಕೆ ಸಮ, ಸೊಂಟ ಇಲ್ಲ, ಮೀಸೆ ನೇರ. ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಸೊಂಟ ಹಿಚುಕಿದಂತೆ ಸಣ್ಣದು, ಮೀಸೆ ಮೊಣಕೈಯಂತೆ ಮಡಚಿರುತ್ತದೆ. ಗಂಡಿರುವೆಗೆ ತಲೆ ತೀರಾ ಚಿಕ್ಕದು, ಮೈ ಬಡಕಲು. ರಾಣಿಗೆ ತಲೆ ಅಗಲ, ಹೊಟ್ಟೆ ತುಂಬಿಕೊಂಡಿರುತ್ತದೆ, ರೆಕ್ಕೆಯ ಸ್ನಾಯು ಹೊತ್ತ ಎದೆ ಉಬ್ಬಿ ಗೂನಿನಂತೆ ಕಾಣುತ್ತದೆ. ದೊಡ್ಡ ತಲೆಯ ಗೊದ್ದದ ಕೆಲಸಗಾರನನ್ನು ರಾಣಿ ಎಂದುಕೊಳ್ಳುವವರು ಎದೆಯನ್ನು ನೋಡಬೇಕು. ಕೆಲಸಗಾರನ ಎದೆ ಸಪೂರ, ಅದರಲ್ಲಿ ರೆಕ್ಕೆ ಮುರಿದ ಗಾಯದ ಗುರುತು ಇರುವುದಿಲ್ಲ.

ರೆಕ್ಕೆ ಉದುರಿದ ರಾಣಿಯನ್ನೇ ಆರಿಸಿ. ರೆಕ್ಕೆ ಇದ್ದವಳು ಇನ್ನೂ ಗಂಡನ್ನು ಕೂಡದೆ ಇರಬಹುದು. ರೆಕ್ಕೆ ಉದುರಿದ ಮಾತ್ರಕ್ಕೆ ಕೂಡಿದ್ದಾಳೆ ಎಂಬ ಖಾತ್ರಿಯೂ ಇಲ್ಲ, ಸಾಧ್ಯತೆ ಹೆಚ್ಚು ಅಷ್ಟೇ. ಕೂಡದ ರಾಣಿಯೂ ಮೊಟ್ಟೆ ಇಡುತ್ತಾಳೆ, ಆದರೆ ಅವುಗಳಿಂದ ಹುಟ್ಟುವುದು ಬರೀ ಗಂಡು.

ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಸೊಂಟದ ಗಂಟು ಎಣಿಸಿ. ಗೊದ್ದಕ್ಕೆ ಒಂದೇ ಗಂಟು. ಫೈಡೋಲೆ, ಬೀಜದ ಇರುವೆ, ಉರಿಯುವ ಕೆಂಪಿರುವೆ ಇವಕ್ಕೆಲ್ಲ ಎರಡು. ಎರಡು ಗಂಟಿನ ಕೆಂಪು ರಾಣಿ ಕಂಡರೆ ಜಾತಿ ಖಚಿತವಾಗುವವರೆಗೆ ಮನೆಯೊಳಗೆ ತರಬೇಡಿ.

ನೆಲ ಅಗೆದು ಗೂಡು ಒಡೆಯುವುದು ಬೇಡ. ಎರೆ ಭೂಮಿಯಲ್ಲಿ ಗೊದ್ದದ ಗೂಡು ಬಿರುಕು ಹಿಡಿದು ಆಳಕ್ಕಿಳಿದಿರುತ್ತದೆ, ರಾಣಿ ಸಿಗುವ ಮೊದಲೇ ಸಾವಿರಾರು ಇರುವೆ ಸಾಯುತ್ತವೆ. ಚಿಂಚೋಳಿ ವನ್ಯಜೀವಿ ಧಾಮದಂಥ ರಕ್ಷಿತ ಪ್ರದೇಶದಿಂದ ಏನನ್ನೂ ಎತ್ತುವಂತಿಲ್ಲ. ಬೀದಿದೀಪದ ಕೆಳಗಿನ ರಾಣಿಯರಲ್ಲಿ ಬಹುಪಾಲು ಬೆಳಗಾಗುವುದರೊಳಗೆ ಹಲ್ಲಿ, ಕಪ್ಪೆ, ಬೇರೆ ಇರುವೆಗಳ ಪಾಲಾಗುತ್ತಾರೆ. ಅವರಲ್ಲಿ ಎರಡು-ಮೂರು ಜನರನ್ನು ಎತ್ತಿಕೊಂಡರೆ ಪ್ರಕೃತಿಗೆ ನಷ್ಟವಿಲ್ಲ. ಅವರನ್ನು ಬೇರೆ ಬೇರೆ ಟ್ಯೂಬಿನಲ್ಲೇ ಇಡಬೇಕು. ಗೊದ್ದದ ಇಬ್ಬರು ರಾಣಿಯರನ್ನು ಒಟ್ಟಿಗೆ ಇಟ್ಟರೆ ಇಂದಲ್ಲ ನಾಳೆ ಒಬ್ಬಳು ಸಾಯುತ್ತಾಳೆ.

ಟ್ಯೂಬು, ಮತ್ತು ನಮ್ಮ ಬಿಸಿಲು

ಗೊದ್ದದ ರಾಣಿಗೆ 18ರಿಂದ 20 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ಗಾಜಿನ ಟೆಸ್ಟ್ ಟ್ಯೂಬ್ ಬೇಕು. ಚಿಕ್ಕ ಜಾತಿಗಳಿಗೆ 16 ಮಿ.ಮೀ. ಸಾಕು. ಟ್ಯೂಬಿನ ಮೂರನೇ ಒಂದು ಭಾಗ ನೀರು ತುಂಬಿ, ಹತ್ತಿಯ ಬಿಗಿ ಉಂಡೆಯನ್ನು ನೀರಿಗೆ ತಾಗುವವರೆಗೆ ಪೆನ್ಸಿಲ್‌ನಿಂದ ತಳ್ಳಬೇಕು. ಹತ್ತಿ ಒದ್ದೆಯಾಗಬೇಕು, ಈಚೆಗೆ ನೀರು ನಿಲ್ಲಬಾರದು. ರಾಣಿಯನ್ನು ಒಳಗೆ ಬಿಟ್ಟು ಬಾಯಿಗೆ ಒಣ ಹತ್ತಿ. ಬೋರ್‌ವೆಲ್ ನೀರು ಗಡಸಾದ ಕಡೆ ಹತ್ತಿಯ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಊರಿನ ಶುದ್ಧ ನೀರಿನ ಘಟಕದ ನೀರು ಬಳಸಿ.

ಬೇಸಿಗೆಯಲ್ಲಿ ನಮ್ಮ ಕಡೆ ಟ್ಯೂಬು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮುಚ್ಚಿದ ತುದಿಯಲ್ಲಿ, ನೀರಿನ ಹಿಂದೆ, ಗಾಳಿಗುಳ್ಳೆ ಉಳಿದಿರುತ್ತದೆ. ಮಧ್ಯಾಹ್ನ ಕೋಣೆ ಕಾದಾಗ ಆ ಗಾಳಿ ಹಿಗ್ಗಿ ನೀರನ್ನು ಹತ್ತಿಯ ಮೂಲಕ ಈಚೆ ದೂಡುತ್ತದೆ, ರಾಣಿ, ಮೊಟ್ಟೆ ಎಲ್ಲ ಮುಳುಗುತ್ತವೆ. ನೀರು ತುಂಬುವಾಗ ಟ್ಯೂಬನ್ನು ನೆಟ್ಟಗೆ ಹಿಡಿದು, ತಟ್ಟಿ, ಒಂದೂ ಗುಳ್ಳೆ ಉಳಿಯದಂತೆ ನೋಡಿಕೊಳ್ಳಿ. ಆಮೇಲೆ ಟ್ಯೂಬುಗಳನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಮಲಗಿಸಿ, ಡಬ್ಬಿಗೆ ನಾಲ್ಕಾರು ಗಾಳಿತೂತು ಮಾಡಿ, ಕೆಳಅಂತಸ್ತಿನ ಒಳಕೋಣೆಯ ನೆಲದ ಮೇಲೆ ಇಡಿ. ಶಹಾಬಾದ್ ಫರಸಿ ಹಾಸಿದ ನೆಲ ಮೇ ತಿಂಗಳಲ್ಲೂ ತಕ್ಕಮಟ್ಟಿಗೆ ತಂಪಾಗಿರುತ್ತದೆ. ತಾರಸಿಯ ಕೆಳಗಿನ ಕೋಣೆ, ತಗಡಿನ ಶೆಡ್ಡು, ಅಟ್ಟ ಬೇಡ.

ಡಬ್ಬಿಯೊಳಗೆ ಸಣ್ಣ ಡಿಜಿಟಲ್ ಥರ್ಮಾಮೀಟರ್ ಇರಲಿ. 25ರಿಂದ 30 ಡಿಗ್ರಿ ಒಳ್ಳೆಯದು, 35 ಮುಟ್ಟಿದರೆ ಎಚ್ಚರ, 40 ದಾಟಿದರೆ ಮುಚ್ಚಿದ ಟ್ಯೂಬಿನಲ್ಲಿ ಉಳಿಯುವುದು ಕಷ್ಟ. ಹೊಲದ ಗೊದ್ದ ಅದೇ ಬಿಸಿಲಲ್ಲಿ ಬದುಕುವುದಿಲ್ಲವೇ ಎಂದರೆ, ಅದು ಮಧ್ಯಾಹ್ನ ಮಣ್ಣಿನಾಳಕ್ಕೆ ಇಳಿಯುತ್ತದೆ. ಟ್ಯೂಬಿನಲ್ಲಿ ಇಳಿಯಲು ಆಳವಿಲ್ಲ. ಏರ್ ಕೂಲರ್‌ನ ಗಾಳಿಗೆ ನೇರವಾಗಿ ಇಟ್ಟರೆ ತಂಪೇನೋ ಆಗುತ್ತದೆ, ಜೊತೆಗೆ ತೇವ ಹೆಚ್ಚಿ ಹತ್ತಿಗೆ ಬೂಷ್ಟು ಹಿಡಿಯುತ್ತದೆ. ಬೀದರ್ ಎತ್ತರದಲ್ಲಿದೆ, ಬೇಸಿಗೆ ಸ್ವಲ್ಪ ಹಗುರ, ಆದರೆ ಡಿಸೆಂಬರ್-ಜನವರಿಯ ರಾತ್ರಿ ಚಳಿಗೆ ರಾಣಿ ಮೊಟ್ಟೆ ಇಡುವುದು ನಿಲ್ಲಿಸಬಹುದು. ಅದು ರೋಗವಲ್ಲ, ಬಿಸಿಮಾಡಲು ಹೋಗಬೇಡಿ.

ಮೊದಲ ಒಂದೂವರೆ ತಿಂಗಳು ಊಟ ಬೇಡ. ವಾರಕ್ಕೊಮ್ಮೆ, ಅರ್ಧ ನಿಮಿಷ, ಮಂದ ಬೆಳಕಿನಲ್ಲಿ ನೋಡಿ ಮುಚ್ಚಿಡಿ. ಇರುವೆಗೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ, ಟ್ಯೂಬಿಗೆ ಕೆಂಪು ಹಾಳೆ ಸುತ್ತಿದರೆ ನೋಡಲು ಅನುಕೂಲ. ಹಿಟ್ಟಿನ ಗಿರಣಿಯ ಪಕ್ಕದ ಗೋಡೆ, ನೀರಿನ ಮೋಟಾರ್, ಸ್ಪೀಕರ್ ಇರುವಲ್ಲಿ ನಡುಕ ಹೆಚ್ಚು, ಅಲ್ಲಿ ಇಡಬಾರದು. ಇರುವೆ ಚಾಕ್, ಸೊಳ್ಳೆಯ ಲಿಕ್ವಿಡ್, ಜಿರಳೆ ಸ್ಪ್ರೇ ಆ ಕೋಣೆಯಲ್ಲಿ ನಡೆಯಲೇಬಾರದು. ಮನೆಯವರಿಗೆ ಮೊದಲೇ ಹೇಳಿಡಿ.

ಮೊದಲ ಕೆಲಸಗಾರರು ಬಂದ ಮೇಲೆ

ಮೊದಲ ಸರದಿಯವು ಕುಳ್ಳಗೆ, ತೆಳ್ಳಗೆ ಇರುತ್ತವೆ. ರಾಣಿ ತನ್ನ ಮೈಯಿಂದಷ್ಟೇ ಬೆಳೆಸಿದವು, ಹಾಗಾಗಿ. ಒಂದು ಚಮಚ ಸಕ್ಕರೆಗೆ ನಾಲ್ಕು ಚಮಚ ನೀರು ಕಲಸಿ, ಒಂದು ಹನಿಯನ್ನು ಹತ್ತಿಯ ಚೂರಿಗೆ ಹೀರಿಸಿ ಟ್ಯೂಬಿನ ಬಾಯಿಯ ಹತ್ತಿರ ಇಡಿ. ಬರಿ ಹನಿ ಇಟ್ಟರೆ ಅದರಲ್ಲೇ ಮುಳುಗುತ್ತವೆ. ಬೆಲ್ಲ ಈ ಸೆಕೆಗೆ ಒಂದೇ ದಿನದಲ್ಲಿ ಹುಳಿಯುತ್ತದೆ, ಸಕ್ಕರೆಯೇ ಸರಿ. ವಾರಕ್ಕೆರಡು ಸಲ ಕಡ್ಡಿಪೆಟ್ಟಿಗೆಯ ಕಡ್ಡಿಯ ತಲೆಯಷ್ಟು ಹುಳದ ತುಂಡು ಕೊಡಿ, 24 ಗಂಟೆಯೊಳಗೆ ಉಳಿಕೆ ತೆಗೆಯಿರಿ.

ಹುಳ ಎಲ್ಲಿಂದ ತರುತ್ತೀರಿ ಎಂಬುದು ನಮ್ಮ ಜಿಲ್ಲೆಗಳಲ್ಲಿ ಜೀವನ್ಮರಣದ ಪ್ರಶ್ನೆ. ತೊಗರಿ ಹೂವಿಗೆ ಬಂದಾಗ ಕಾಯಿಕೊರಕಕ್ಕೆ, ಹತ್ತಿ, ಮೆಣಸಿನಕಾಯಿಗೆ ಇನ್ನೊಂದಕ್ಕೆ ಎಂದು ಔಷಧಿ ಹೊಡೆಯುವುದು ನಿಲ್ಲುವುದೇ ಇಲ್ಲ. ಹೊಲದಲ್ಲಿ ಮಂಕಾಗಿ ಕೂತು ಸುಲಭಕ್ಕೆ ಕೈಗೆ ಸಿಕ್ಕ ಮಿಡತೆ ಬಹುಶಃ ಔಷಧಿ ತಿಂದದ್ದೇ. ಮನೆಯ ಜಿರಳೆಯೂ ಅಷ್ಟೇ. ಒಂದು ಕಾಲು ತಿಂದರೂ ಇಡೀ ಕುಟುಂಬ ಸಾಯಬಹುದು, ಏಕೆಂದರೆ ಒಂದು ಇರುವೆ ಉಂಡದ್ದು ಬಾಯಿಂದ ಬಾಯಿಗೆ ಎಲ್ಲರಿಗೂ ಹಂಚಿಹೋಗುತ್ತದೆ. ಗೋಧಿ ಹೊಟ್ಟಿನಲ್ಲಿ ಮೀಲ್‌ವರ್ಮ್, ಅಂದರೆ ಒಂದು ಬಗೆಯ ದುಂಬಿಯ ಮರಿಹುಳು, ನೀವೇ ಬೆಳೆಸುವುದು ಎಲ್ಲಕ್ಕಿಂತ ನಿಶ್ಚಿಂತೆ. ಕೊಡುವ ಮುನ್ನ ಕುದಿನೀರಲ್ಲಿ ಒಂದು ನಿಮಿಷ ಅದ್ದಿದರೆ ಅದರ ಮೈಮೇಲಿನ ನುಸಿಗಳು ಸಾಯುತ್ತವೆ.

ದೊಡ್ಡ ಗೂಡಿಗೆ ಅವಸರ ಮಾಡಬೇಡಿ. ಗೊದ್ದ 25-30 ಕೆಲಸಗಾರರಾಗುವವರೆಗೆ ಟ್ಯೂಬಿನಲ್ಲೇ ಇರಲಿ, ಟ್ಯೂಬಿನ ಬಾಯಿಯನ್ನು ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ತೆರೆದಿಟ್ಟರೆ ಅಂಗಳವಾಯಿತು. ಹತ್ತು ಇರುವೆಗೆ ಹತ್ತು ಕೋಣೆಯ ಗೂಡು ಕೊಟ್ಟರೆ ಅವು ಒಂದು ಮೂಲೆಯಲ್ಲಿ ಕೂತು ಉಳಿದ ಕೋಣೆಗಳಲ್ಲಿ ಕಸ ಸುರಿಯುತ್ತವೆ, ಅಲ್ಲಿಂದ ಬೂಷ್ಟು ಶುರುವಾಗುತ್ತದೆ. ಡಬ್ಬಿಯ ಒಳ ಅಂಚಿಗೆ ಟಾಲ್ಕಮ್ ಪೌಡರನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಸಿ ಎರಡು ಬೆರಳಗಲ ಬಳಿಯಿರಿ. ಸ್ಪಿರಿಟ್ ಪೂರ್ತಿ ಆರಿದ ಮೇಲೆ ಉಳಿಯುವ ಪುಡಿಯ ಪದರದ ಮೇಲೆ ಇರುವೆಯ ಕಾಲು ನಿಲ್ಲುವುದಿಲ್ಲ. ಆಗಸ್ಟ್-ಸೆಪ್ಟೆಂಬರ್‌ನ ತೇವಕ್ಕೆ ಈ ಪದರ ಕೆಡುತ್ತದೆ, ಆಗ ಹದಿನೈದು ದಿನಕ್ಕೊಮ್ಮೆ ಹೊಸದಾಗಿ ಬಳಿಯಬೇಕು.

ಹಳೆ ಟ್ಯೂಬಿನ ನೀರು ಮುಗಿದಾಗ ಇರುವೆಗಳನ್ನು ಕೊಡವಿ ಹೊಸದಕ್ಕೆ ಸುರಿಯಬೇಡಿ. ಹೊಸ ಟ್ಯೂಬನ್ನು ಬಾಯಿಗೆ ಬಾಯಿ ಸೇರಿಸಿ ಟೇಪು ಸುತ್ತಿ, ಹೊಸದಕ್ಕೆ ಕತ್ತಲು, ಹಳೆಯದಕ್ಕೆ ಮಂದ ಬೆಳಕು ಮಾಡಿಟ್ಟರೆ ನಾಲ್ಕೈದು ದಿನದಲ್ಲಿ ಮರಿಗಳನ್ನು ಹೊತ್ತು ತಾವೇ ದಾಟುತ್ತವೆ. ಹಳೆ ಟ್ಯೂಬನ್ನು ಬಿಸಿಲಿಗೆ ಹಿಡಿದು ಓಡಿಸುವುದು ಮಾತ್ರ ಬೇಡ.

ರಾಣಿ ಸತ್ತರೆ ಅದೇ ಜಾತಿಯ ಬೇರೆ ರಾಣಿಯನ್ನು ಬಿಡುವ ಯೋಚನೆ ಬರುತ್ತದೆ. ಮೈವಾಸನೆ ಬೇರೆಯಾದ್ದರಿಂದ ಕೆಲಸಗಾರರು ಅವಳನ್ನು ಕೊಲ್ಲುತ್ತಾರೆ. ಉಳಿದ ಕೆಲಸಗಾರರಿಗೆ ಕೊನೆಯವರೆಗೂ ನೀರು, ಸಕ್ಕರೆ ಕೊಟ್ಟುಕೊಂಡು ಹೋಗಿ, ಕೆಲವು ತಿಂಗಳು ಬದುಕುತ್ತವೆ. ಸಾಕುವುದೇ ಬೇಡವೆನಿಸಿದರೆ ಸ್ಥಳೀಯ ಜಾತಿಯ ಕುಟುಂಬವನ್ನು, ರಾಣಿ ಸಿಕ್ಕ ಊರಿನಲ್ಲೇ, ಮಳೆ ಬಿದ್ದು ನೆಲ ಮೆತ್ತಗಾದ ಸಂಜೆ, ಬೇರೆ ಇರುವೆಗಳ ಸಾಲಿಲ್ಲದ ಗಿಡದ ಬುಡಕ್ಕೆ ಬಿಡಬಹುದು. ಬೀದರಿನ ರಾಣಿಯನ್ನು ಯಾದಗಿರಿಯಲ್ಲಿ ಬಿಡುವುದಲ್ಲ. ಜಾತಿ ಯಾವುದೆಂದು ಗೊತ್ತಿಲ್ಲದ, ಇಲ್ಲವೇ ಹೊರಗಿನಿಂದ ಕೊಂಡು ತಂದ ಕುಟುಂಬವಾದರೆ ಹೊರಗೆ ಬಿಡಲೇಬಾರದು, ಡಬ್ಬಿ ಸಮೇತ ಎರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಮಣ್ಣು ಮಾಡಿ.